ನೀರಿನ ಫಿಲ್ಟರು, ವಕೀಲರು, ಕಬ್ಬಿಣದ ಕಂಬಿ

ಅವತ್ತು ಮನೆಯಲ್ಲಿ ಹಿತಕಿದಬೇಳೆ ಸಾರಿನ ತಯಾರಿ ನಡೆದಿತ್ತು. ನೆನೆದ ಅವರೆಕಾಳಿನ ಪಾತ್ರೆಯನ್ನು ಊಟದ ಮೇಜಿನ ಮೇಲಿಟ್ಟುಕೊಂಡು ನಾನು ಒಂದೊಂದೇ ಕಾಳಿನ ಸಿಪ್ಪೆ ಹಿತಕುತ್ತಿದ್ದೆ. ಮೊದಲ ಪಾಳಿ ಮುಗಿಸಿ ಹೆಬ್ಬಾಳದ ಕಾರ್ಖಾನೆಯಿಂದ ಬಂದ ನಮ್ಮ ಯಜಮಾನರು ಕೈಕಾಲು ತೊಳೆದು, ಎದುರಿಗೆ ಕೂತು, ಕೇಳದೆಯೇ ಪಾತ್ರೆಗೆ ಕೈ ಹಾಕಿದರು. ಅವರು ಹಿತಕಿದರೆ ಬೇಳೆ ಬಟ್ಟಲಿಗೆ ಬೀಳುವುದಕ್ಕಿಂತ ಗೋಡೆಗೆ ಹಾರುವುದೇ ಹೆಚ್ಚು.

"ರೀ, ನೀವು ಸುಮ್ನೆ ಕೂತ್ಕೊಳ್ಳಿ. ಹಿಂಗಾದ್ರೆ ಗೋಡೆಗೇ ಒಗ್ಗರಣೆ ಹಾಕ್ಬೇಕಾಗತ್ತೆ."

"ಗೋಡೆನೂ ಮನೆಯೋರೇ ಕಣೆ. ಒಂದೆರಡು ತಿನ್ಲಿ ಬುಡು."

ಹೀಗೆ ಮಾತಾಡುತ್ತಲೇ ಅವರು ಅಂಗಿಯ ಜೇಬಿನಿಂದ ಮಡಿಸಿದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಎಲ್ಲರ ರಕ್ತ ತೆಗೆದು, ಎದೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡುತ್ತಾರೆ. ಅದರ ವರದಿ. ನನ್ನ ಕೈಯೆಲ್ಲ ಅವರೆಯ ಜಿಡ್ಡು. ಮುಟ್ಟದೆ ಕತ್ತು ಮುಂದೆ ಚಾಚಿ ನೋಡಿದೆ. ಮೇಲೆಲ್ಲ ಅಚ್ಚಾದ ಅಂಕಿಗಳು. ಕೆಳಗೆ ಡಾಕ್ಟರ ಕೈಬರಹದಲ್ಲಿ ಒಂದು ಸಾಲು ಇಂಗ್ಲಿಷ್ ಅಕ್ಷರ: ಆರ್, ಒಂದು ಓರೆಗೆರೆ, ಓ, ಆಮೇಲೆ ಐಎಚ್‌ಡಿ. ಅದರ ಪಕ್ಕದಲ್ಲಿ ಎಡಿವಿ, ಟಿಎಂಟಿ.

"ಇದೇನ್ರೀ ಐಎಚ್‌ಡಿ ಅಂದ್ರೆ?"

"ಅದಾ? ಇವನಿಗೆ ಹಸಿವು ದೊಡ್ಡದು."

ನಾನು ನಕ್ಕೆ. ಅವರೂ ನಕ್ಕರು. ಆ ಸಂಜೆ ಅವರು ಸಾರನ್ನು ಎರಡು ಸಲ ಬಡಿಸಿಕೊಂಡು ಉಂಡರು. ಮರುದಿನ ಬೆಳಿಗ್ಗೆ ಎಂದಿನಂತೆ ಕಾರ್ಖಾನೆಯ ಬಸ್ಸು ಹತ್ತಿದವರು ಹೆಬ್ಬಾಳದಲ್ಲಿ ಇಳಿದು, ಗೇಟಿನ ಹತ್ತಿರದ ಮೋರಿಕಟ್ಟೆಯ ಮೇಲೆ ಕೂತು, "ಯಾಕೋ ಸುಸ್ತು" ಎಂದರಂತೆ. ಅಷ್ಟೇ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಹೃದಯ ನಿಂತಿತು ಎಂದರು.

ಆ ಮೂರು ಅಕ್ಷರದ ನಿಜವಾದ ಅರ್ಥ ಅವರಿಗೆ ಗೊತ್ತಿತ್ತೆ? ಗೊತ್ತಿದ್ದೂ ನನ್ನನ್ನು ನಗಿಸಿದರೆ? ಅಥವಾ ನನ್ನಷ್ಟೇ ಗೊತ್ತಿಲ್ಲದೆ ಬಾಯಿಗೆ ಬಂದದ್ದನ್ನು ಹೇಳಿದರೆ? ಇಷ್ಟು ದಿನದಿಂದ ನಾನು ತಿಳಿಯಬೇಕೆಂದಿರುವುದು ಇದೊಂದನ್ನೇ. ಉಳಿದದ್ದೆಲ್ಲ ಇದರ ಸುತ್ತಲಿನ ತಿರುಗಾಟ.

ಕಾರ್ಯಗಳೆಲ್ಲ ಮುಗಿದು, ನೆಂಟರೆಲ್ಲ ಹೋಗಿ, ಮನೆಯಲ್ಲಿ ನಾನೊಬ್ಬಳೇ ಉಳಿದ ಮೇಲೆ ಮೇಜು ಒರೆಸುವಾಗ ಆ ಹಾಳೆ ಮತ್ತೆ ಕಣ್ಣಿಗೆ ಬಿತ್ತು. ನಾನು ಓದಿದ್ದು ಎಸ್ಸೆಲ್ಸಿ. ಇಂಗ್ಲಿಷ್ ಅಕ್ಷರ ಗೊತ್ತು, ಬೋರ್ಡು ಓದುತ್ತೇನೆ. ಫೋನಿನಲ್ಲಿ ಹುಡುಕುವುದನ್ನು ಮಗಳು ಸುಮಾ ಹೇಳಿಕೊಟ್ಟಿದ್ದಳು. ಅವಳು ಇರುವುದು ದಟ್ಟಗಳ್ಳಿಯಲ್ಲಿ, ಗಂಡನ ಮನೆಯಲ್ಲಿ. ಅವಳನ್ನೇ ಕೇಳಬಹುದಿತ್ತು. ಆದರೆ ಅಪ್ಪನ ಹೆಸರೆತ್ತಿದರೆ ಅವಳ ಧ್ವನಿ ಬದಲಾಗುತ್ತದೆ. ಹಾಗಾಗಿ ನಾನೇ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಒತ್ತಿದೆ.

ಮೊದಲು ಆರ್, ಓ. ಬಂದದ್ದು ನೀರಿನ ಫಿಲ್ಟರು. ನೀರು ಹೇಗೆ ಶುದ್ಧವಾಗುತ್ತದೆ, ಒಳಗೆ ಎಷ್ಟು ಪದರವಿದೆ, ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವುದು ಹೇಗೆ ಎಂದೆಲ್ಲ ಇತ್ತು. ಬಿಳಿ ಕೋಟು ತೊಟ್ಟ ಒಬ್ಬಾತ ಗಾಜಿನ ಲೋಟ ಹಿಡಿದು ನಗುತ್ತಿದ್ದ. ಬಿಳಿ ಕೋಟು ನೋಡಿ ಡಾಕ್ಟರೇ ಇರಬೇಕು ಎಂದು ಸ್ವಲ್ಪ ಹೊತ್ತು ಅವನು ಹೇಳುವುದನ್ನು ಕೇಳಿಸಿಕೊಂಡೆ. ಎದೆಯ ಮಾತು ಬರಲೇ ಇಲ್ಲ.

ಎಡಿವಿ ಎಂದು ಹುಡುಕಿದರೆ ಅಡ್ವೊಕೇಟ್ ಎಂದು ಬಂತು. ನಮ್ಮ ಬೀದಿಯಲ್ಲಿ ಒಬ್ಬರ ಸ್ಕೂಟರಿನ ಮೇಲೂ ಆ ಅಕ್ಷರಗಳಿರುವುದು ನೆನಪಾಗಿ, ಇದೊಂದಾದರೂ ಸರಿಯಾಗಿ ಸಿಕ್ಕಿತು ಅಂದುಕೊಂಡೆ. ಆದರೆ ಎದೆಯ ಪರೀಕ್ಷೆಯಲ್ಲಿ ವಕೀಲರಿಗೇನು ಕೆಲಸ? ಕಾರ್ಖಾನೆಯಲ್ಲಿ ಏನಾದರೂ ಕೇಸು ಗೀಸು ಇತ್ತೇ ಎಂದು ಒಂದು ಮಧ್ಯಾಹ್ನವಿಡೀ ದಿಗಿಲುಪಟ್ಟೆ. ಟಿಎಂಟಿಗೆ ಬಂದದ್ದು ಕಬ್ಬಿಣದ ಕಂಬಿ. ಮನೆ ಕಟ್ಟುವಾಗ ಕಾಂಕ್ರೀಟಿನೊಳಗೆ ಹಾಕುತ್ತಾರಲ್ಲ, ಅದು. ಭೂಕಂಪ ಬಂದರೂ ಬಾಗುವುದಿಲ್ಲವಂತೆ.

ಹೀಗೆ ನಮ್ಮವರ ಹೃದಯದ ವಿಷಯದಲ್ಲಿ ನನಗೆ ಮೊದಲ ದಿನ ಸಿಕ್ಕ ತಿಳಿವಳಿಕೆ ಇಷ್ಟು: ನೀರಿನ ಫಿಲ್ಟರು, ವಕೀಲರು, ಕಬ್ಬಿಣದ ಕಂಬಿ. ಅವರಿದ್ದಿದ್ದರೆ ಇದನ್ನು ಬಸ್ಸಿನಲ್ಲಿ ಒಂದು ವಾರ ಹೇಳಿಕೊಂಡು ತಿರುಗುತ್ತಿದ್ದರು.

ಫೋನು ನಾವು ಕೇಳಿದ್ದನ್ನು ಮರೆಯುವುದಿಲ್ಲ, ನೀವೂ ನೋಡಿರಬಹುದು. ಅಲ್ಲಿಂದ ಮುಂದೆ ಏನು ತೆರೆದರೂ ಫಿಲ್ಟರೇ ಬರುತ್ತಿತ್ತು. ದೇವರ ನಾಮ ಕೇಳೋಣವೆಂದು ಹಚ್ಚಿದರೆ ಮೊದಲು ಆ ಬಿಳಿ ಕೋಟಿನವನು ಬಂದು ನಕ್ಕು ಹೋಗಬೇಕು. ಒಂದು ದಿನ ಒಂದು ಅಂಗಡಿಯಿಂದ ಕರೆಯೇ ಬಂತು.

"ಮೇಡಂ, ಮನೆ ಕಟ್ಟಿಸ್ತಾ ಇದ್ದೀರಾ? ಕಂಬಿ ಬೇಕಿತ್ತಾ?"

"ಇಲ್ಲಪ್ಪ."

"ರಿಪೇರಿ ಏನಾದ್ರೂ?"

"ಇಲ್ಲ. ರಿಪೇರಿ ಕಾಲ ದಾಟೋಯ್ತು" ಎಂದು ಫೋನಿಟ್ಟೆ. ಪಾಪ, ಅವನಿಗೇನು ಅರ್ಥವಾಗಿರಬೇಕು.

ಅಕ್ಷರಗಳ ಜೊತೆ ನಮ್ಮವರು ಆಡುತ್ತಿದ್ದ ಆಟ ಹೊಸದಲ್ಲ. ಮದುವೆಯಾದ ಹೊಸತರಲ್ಲಿ ಒಂದು ದಿನ ತಡವಾಗಿ ಬಂದು "ಓಟಿ ಇತ್ತು" ಎಂದರು. ನನಗೆ ಗೊತ್ತಾಗಲಿಲ್ಲ. ಓಟಿ ಅಂದರೇನು ಎಂದು ಕೇಳಿದೆ. "ಊಟ ತಣ್ಣಗೆ" ಎಂದರು. ಹೆಚ್ಚು ಹೊತ್ತು ದುಡಿಯುವುದಕ್ಕೆ ಹಾಗೆನ್ನುತ್ತಾರೆ ಎಂದು ಬಹಳ ದಿನಗಳ ಮೇಲೆ ತಿಳಿಯಿತು. ಆದರೆ ತಣ್ಣಗಾದ ಊಟವನ್ನು ಬಿಸಿ ಮಾಡುತ್ತಿದ್ದವಳು ನಾನಾದ್ದರಿಂದ ಅವರ ಅರ್ಥವೇ ನನಗೆ ಹೆಚ್ಚು ಸರಿ ಕಂಡಿತ್ತು. ಬಿಪಿ ಎಂದರೆ ಬಾಯಿ ಪಥ್ಯ. ಇಎಂಐ ಎಂದರೆ ಎಲ್ಲಾ ಮುಗೀತು ಇನ್ನು. ಓಟಿಪಿ ಎಂದರೆ ಒಂದ್ ತಟ್ಟೆ ಪುಳಿಯೋಗರೆ. ಸುಮಾ ಚಿಕ್ಕವಳಾಗಿದ್ದಾಗ ಅಪ್ಪ ಮಗಳು ರಸ್ತೆಯ ಬೋರ್ಡು ನೋಡಿಕೊಂಡು ಇದೇ ಕೆಲಸ ಮಾಡುತ್ತಿದ್ದರು. ನಾನು ಹಿಂದೆ ಕೈಚೀಲ ಹಿಡಿದುಕೊಂಡು ಬರುತ್ತಿದ್ದೆ.

ಅವರಿಗೆ ಎಷ್ಟರ ನಿಜ ಅರ್ಥ ಗೊತ್ತಿತ್ತು, ಎಷ್ಟರದು ಗೊತ್ತಿರಲಿಲ್ಲ ಎಂದು ನಾನು ಯಾವತ್ತೂ ಕೇಳಲಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ. ಗೊತ್ತಿಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದು ನೆನಪಿಲ್ಲ. ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು, ಐಟಿಐ ಮುಗಿಸಿ, ಯಂತ್ರದ ಮುಂದೆ ನಿಂತವರು. ಸುತ್ತ ಎಲ್ಲರೂ ಇಂಗ್ಲಿಷಿನಲ್ಲೇ ಮಾತು ಕತ್ತರಿಸಿ ಆಡುವಾಗ, ಗೊತ್ತಿಲ್ಲ ಎಂದು ಕೂರುವುದಕ್ಕಿಂತ ಹೀಗೆ ನಗಿಸುವುದು ಸುಲಭವಾಗಿ ಕಂಡಿರಬೇಕು. ಇದು ಈಗ ನನಗೆ ತೋಚುವುದು.

ಅವರು ಹೋದ ಮೇಲೆ ಬ್ಯಾಂಕಿನಲ್ಲಿ ನನ್ನ ಹೆಸರಿಗೆ ಎಲ್ಲ ಬದಲಿಸಲು ಹೋದಾಗ ಕೌಂಟರಿನ ಹುಡುಗಿ "ಓಟಿಪಿ ಬಂತಾ ಆಂಟಿ?" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಹೊಸದಾಗಿ ಗಂಡನನ್ನು ಕಳೆದುಕೊಂಡವಳು ಕೌಂಟರಿನ ಮುಂದೆ ನಿಂತು ನಗುವುದನ್ನು ನೋಡಿ ಅವಳು ಗಾಬರಿಯಾದಳು. ಕುರ್ಚಿ ತರಿಸಿ, ನೀರು ಕೊಡಿಸಿದಳು. ನಗು ಅಳುವಾಗುವ ಮೊದಲೇ ಫೋನು ತೋರಿಸಿ ಎದ್ದು ಬಂದೆ.

ನಾನು ಹುಟ್ಟಿ ಬೆಳೆದದ್ದು ಅಗ್ರಹಾರದ ಒಂದು ಸಣ್ಣ ಬೀದಿಯಲ್ಲಿ. ಅಪ್ಪನದು ಸೈಕಲ್ ಶಾಪು. ಆಗ ಗೊತ್ತಿಲ್ಲದ ಇಂಗ್ಲಿಷಿಗೆ ಅರ್ಥ ಬೇಕಾದರೆ ಇದ್ದವರು ಒಬ್ಬರೇ, ಬೀದಿ ಕೊನೆಯ ಮನೆಯ ರಾಯರು. ಯಾವುದೋ ಕಚೇರಿಯಲ್ಲಿದ್ದು ನಿವೃತ್ತರಾದವರು. ಯಾರ ಮನೆಗೆ ತಂತಿ ಬಂದರೂ ಬಿಚ್ಚದೆ ಅವರ ಜಗಲಿಗೆ ಒಯ್ಯುತ್ತಿದ್ದೆವು. ಅವರು ಕನ್ನಡಕ ಒರೆಸಿ, ಹಾಕಿಕೊಂಡು, ಮನಸ್ಸಿನಲ್ಲೇ ಓದಿಕೊಳ್ಳುವರು. ಆಮೇಲೆ ಕೇಳುವ ಮೊದಲ ಮಾತು, "ಊಟ ಆಯ್ತೇನಮ್ಮಾ?"

ನಮ್ಮಜ್ಜಿಯ ಊರಿಂದ ತಂತಿ ಬಂದ ದಿನ ಅಮ್ಮನ ಜೊತೆ ನಾನೂ ಹೋಗಿದ್ದೆ. ಅಮ್ಮ ಊಟ ಆಗಿಲ್ಲ ಎಂದಳು. "ಹಂಗಾದ್ರೆ ಮೊದಲು ಒಂದ್ ತುತ್ತು ತಿನ್ಕೊಂಡು ಬಾ. ಅವಸರ ಏನಿಲ್ಲ" ಎಂದರು ರಾಯರು. ಅಮ್ಮ ಅಲ್ಲೇ ಕಂಬ ಹಿಡಿದು ಕೂತುಬಿಟ್ಟಳು. ಅವರು ಮೆಲ್ಲಗೆ, "ಸೀರಿಯಸ್ ಅಂತ ಬರ್ದವ್ರೆ. ಹೊರಡಿ" ಎಂದರು. ಸೀರಿಯಸ್ ಎಂದರೆ ಕಾಯಿಲೆ ಜೋರಾಗಿದೆ ಎಂದು ಶಾಲೆಯಲ್ಲಿ ಅರ್ಥ. ನಮ್ಮ ಬೀದಿಯಲ್ಲಿ ಮಾತ್ರ ಆಗಿಹೋಗಿದೆ ಎಂದೇ ಅರ್ಥ. ಹೊರಟವರು ದಾರಿಯಲ್ಲಿ ಬಿದ್ದು ಹೋಗದಿರಲಿ ಎಂದು ಎಲ್ಲರೂ ಸೇರಿ ಮಾಡಿಕೊಂಡ ಏರ್ಪಾಡು ಅದು. ಕಳಿಸಿದವರಿಗೂ ಗೊತ್ತು, ಓದಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಆದರೂ ಊರು ಮುಟ್ಟುವವರೆಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಅಮ್ಮ ಅಜ್ಜಿಗೆ ಕಿತ್ತಳೆ ಹಣ್ಣು ಕೊಳ್ಳಲು ಅಪ್ಪನಿಗೆ ಹೇಳಿದಳು. ಅಪ್ಪ ಕೊಂಡ.

ತಂತಿ ನಿಂತು ಎಷ್ಟೋ ಕಾಲವಾಯಿತು. ಏರ್ಪಾಡು ನಿಂತಿಲ್ಲ. ಆ ಬೆಳಿಗ್ಗೆ ನಮ್ಮವರ ಜೊತೆ ಕೆಲಸ ಮಾಡುವ ಮಾದೇವ ಫೋನು ಮಾಡಿದ. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಅವನದು. "ಅತ್ತಿಗೆ, ನಂಜಣ್ಣಂಗೆ ಸ್ವಲ್ಪ ಸೀರಿಯಸ್ಸು. ಗಾಬರಿ ಬೀಳ್ಬೇಡಿ. ಸುಮನ್ನ ಕರ್ಕೊಂಡು ನಿಧಾನಕ್ಕೆ ಬನ್ನಿ" ಎಂದ. ನಿಧಾನಕ್ಕೆ ಎಂದಾಗಲೇ ನನಗೆ ತಿಳಿಯಿತು. ಆದರೂ ಒಂದು ಚೀಲದಲ್ಲಿ ಅವರ ಟವೆಲು, ಪಂಚೆ, ಲೋಟ, ಫ್ಲಾಸ್ಕು ತುಂಬಿಕೊಂಡೇ ಆಸ್ಪತ್ರೆಗೆ ಹೋದೆ. ಫ್ಲಾಸ್ಕಿಗೆ ಬಿಸಿನೀರು ಕೂಡ ಹಾಕಿದ್ದೆ.

ಇಂಟರ್ನೆಟ್ಟು ಊಟ ಆಯ್ತಾ ಎಂದು ಕೇಳುವುದಿಲ್ಲ. ಐಎಚ್‌ಡಿ ಎಂದು ಒತ್ತಿದಾಗ ಮೊದಲು ಮನೆಯ ವಿದ್ಯುತ್ತು ಎಷ್ಟು ಉರಿಯಿತು ಎಂದು ತೋರಿಸುವ ಒಂದು ಪರದೆಯ ಹೆಸರು ಬಂತು. ಅದರ ಕೆಳಗೇ, ಸ್ವಲ್ಪವೂ ತಡಮಾಡದೆ, ಇಸ್ಕೀಮಿಕ್ ಹಾರ್ಟ್ ಡಿಸೀಸ್ ಎಂದಿತ್ತು. ಹಾರ್ಟ್ ನನಗೆ ಗೊತ್ತು. ಡಿಸೀಸ್ ಗೊತ್ತು. ಇಸ್ಕೀಮಿಕ್ ಗೊತ್ತಿಲ್ಲ. ಅದನ್ನು ಒತ್ತಿದರೆ ಇನ್ನೊಂದು ಗೊತ್ತಿಲ್ಲದ ಮಾತು. ಅದನ್ನು ಒತ್ತಿದರೆ ಮತ್ತೊಂದು. ಈರುಳ್ಳಿ ಸುಲಿದ ಹಾಗೆ ಸುಲಿದು ಸುಲಿದು ಕಣ್ಣು ಉರಿಯತೊಡಗಿತು. ಕೊನೆಗೆ ಕನ್ನಡದಲ್ಲೇ ಒಂದು ಕಡೆ ಸಿಕ್ಕಿತು. ಹೃದಯಕ್ಕೆ ಹೋಗುವ ರಕ್ತ ಸಾಲದೆ ಬರುವ ಕಾಯಿಲೆ. ಓದಿದ ಮೇಲೆ ಎದ್ದು ಹೋಗಿ ಹಾಲು ಕಾಯಿಸಿದೆ. ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ತೋಚಲಿಲ್ಲ.

ಆರ್ ಓ ಇನ್ನೂ ಬಾಕಿ ಉಳಿದಿತ್ತು. ಈ ಸಲ ಡಾಕ್ಟರು ಎಂಬ ಮಾತನ್ನೂ ಸೇರಿಸಿ ಹುಡುಕಿದೆ. ರೂಲ್ ಔಟ್ ಎಂದು ಬಂತು. ಇದೆ ಎಂದಲ್ಲ, ಇರಬಹುದು, ಇಲ್ಲವೆಂದು ಖಚಿತ ಮಾಡಿಕೊಳ್ಳಿ ಎಂದು. ಎಡಿವಿ ಎಂದರೆ ವಕೀಲರಲ್ಲ, ಸಲಹೆ. ಟಿಎಂಟಿ ಎಂದರೆ ಓಡುವ ಪಟ್ಟಿಯ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ. ಒಟ್ಟು ಸಾಲಿನ ಅರ್ಥ: ಎದೆಯಲ್ಲಿ ತೊಂದರೆ ಇರಬಹುದು, ಒಮ್ಮೆ ಪರೀಕ್ಷೆ ಮಾಡಿಸಿ. ಇಷ್ಟನ್ನು ಹೇಳಲು ಎಷ್ಟು ಸಲೀಸಾದ ಮಾತುಗಳಿದ್ದವು.

ಸುಮಾ ಆ ವಾರ ಬಂದಾಗ ಹೇಳಿದೆ. ಅವಳು ಹಾಳೆಯನ್ನು ನೋಡಲೂ ಇಲ್ಲ.

"ಅಮ್ಮಾ, ಇನ್ನು ಅದನ್ನೆಲ್ಲ ಹುಡುಕ್ಬೇಡ ಕಣಮ್ಮ. ಏನ್ ಸಿಕ್ಕಿದ್ರೆ ಏನು?"

"ಅಪ್ಪಂಗೆ ಗೊತ್ತಿತ್ತಾ ಅಂತ."

"ಗೊತ್ತಿದ್ರೆ ನಿಂಗೆ ಹೇಳ್ತಿರ್ಲಿಲ್ವಾ?"

ನಾನು ಹಾಳೆಯನ್ನು ಮಡಿಸಿಟ್ಟೆ. ಹೇಳುತ್ತಿದ್ದರೋ ಇಲ್ಲವೋ, ಅದೇ ಅಲ್ಲವೇ ನನ್ನ ಪ್ರಶ್ನೆ. ಮನೆಗೆ ಬರುವ ಕಷ್ಟವನ್ನು ಅವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುವ ಪೈಕಿ. ಕಾರ್ಖಾನೆಯಲ್ಲಿ ಒಮ್ಮೆ ಕೈಗೆ ಪೆಟ್ಟಾದಾಗ ಬೆರಳಿಗೆ ಸುತ್ತಿದ್ದ ಬಟ್ಟೆ ತೋರಿಸಿ, "ಮದುಮಗನಿಗೆ ಬಾಸಿಂಗ ಕಟ್ಟವ್ರೆ" ಎಂದಿದ್ದರು.

ಕೊನೆಗೆ ಕೇಳಲು ಉಳಿದವನು ಮಾದೇವ ಒಬ್ಬನೇ. ಕಾರ್ಖಾನೆಯಲ್ಲಿ ನಮ್ಮವರ ಕಪಾಟಿನಲ್ಲಿದ್ದ ಸಾಮಾನನ್ನು ತಲುಪಿಸಲು ಅವನೇ ಒಂದು ಭಾನುವಾರ ಮನೆಗೆ ಬಂದ. ಒಂದು ಜೊತೆ ಚಪ್ಪಲಿ, ಊಟದ ಡಬ್ಬಿ, ಒಂದು ಬಾಚಣಿಗೆ. ತಲೆಯಲ್ಲಿ ಕೂದಲೇ ಇಲ್ಲದವರಿಗೆ ಬಾಚಣಿಗೆ ಯಾಕೆ ಎಂದು ಇಬ್ಬರೂ ಸ್ವಲ್ಪ ನಕ್ಕೆವು. ಕಾಫಿ ಕೊಟ್ಟು, ಹಾಳೆ ತೋರಿಸಿ ಕೇಳಿದೆ.

"ಇದನ್ನ ಕೊಟ್ಟ ದಿನ ಇವ್ರು ಏನಾದ್ರೂ ಅಂದ್ರಾ ಮಾದೇವಾ? ಯಾರನ್ನಾದ್ರೂ ಕೇಳಿದ್ರಾ?"

"ಅಯ್ಯೋ ಅತ್ತಿಗೆ, ಅವತ್ತು ಬಸ್ಸಲ್ಲಿ ಅದೇ ಆಟ! ಅರ್ಧ ಬಸ್ಸಿಗೆ ಅದೇ ಬರ್ದಿದ್ರು, ಐವತ್ತು ದಾಟ್ದೋರಿಗೆಲ್ಲ. ನಂಜಣ್ಣನೇ ಶುರು ಮಾಡಿದ್ದು, ಯಾರ್ ಚೆಂದಾಗಿ ಬುಡಿಸಿ ಹೇಳ್ತೀರಿ ಅಂತ. ಹಿಂದಿನ ಸೀಟಿನ ಬಸವರಾಜು ಹೊಟ್ಟೆ ತಟ್ಟಿ, ಇವನ ಹೊಟ್ಟೆ ದೊಡ್ಡದು ಅಂದ್ರು. ನಾನು, ಇವನ್ ಹೆಂಡ್ತಿ ದೇವ್ರು ಅಂದೆ. ಮನೇಲಿ ಶೋಭಂಗೂ ಅಂಗೇ ಹೇಳ್ಬುಟ್ಟೆ. ಅವತ್ತು ನಂಗೆ ಮೊಟ್ಟೆ ಸಾರು!"

"ನಿಜವಾದ ಅರ್ಥ ಯಾರೂ ಹೇಳ್ಲಿಲ್ವಾ?"

"ಎಂಗೆ ಹೇಳಾರು ಅತ್ತಿಗೆ? ಯಾರ್ಗ್ ಗೊತ್ತಿತ್ತು?"

"ಡಾಕ್ಟ್ರು?"

"ಅವ್ರು ಒಬ್ಬೊಬ್ರನ್ನೇ ಒಳಗೆ ಕರೆದು ಕೊಡ್ತಿದ್ರು. ನಂಗೆ, ಬಿಡುವಾದಾಗ ಒಂದ್ ಟೆಸ್ಟ್ ಮಾಡಿಸ್ಕೊಳ್ಳಿ ಅಂದ್ರು. ನಂಜಣ್ಣಂಗೆ ಏನಂದ್ರೋ, ನಾ ಒಳಗಿರ್ಲಿಲ್ಲ." ಕಾಫಿ ಲೋಟ ಕೆಳಗಿಟ್ಟು ಮತ್ತೆ ಹೇಳಿದ. "ಒಂದ್ ಮಾತು ಅತ್ತಿಗೆ. ನಾವೆಲ್ಲ ಆ ಹಾಳೇನ ಊಟದ ಚೀಲಕ್ಕೆ ತುರುಕಿದ್ವು. ಅವ್ರು ಮಾತ್ರ ಮಡಿಸಿ ಎದೆ ಜೇಬಲ್ಲಿ ಇಟ್ಕೊಂಡ್ರು. ಅದ್ಯಾಕೋ ನಂಗೆ ಕಣ್ಣಿಗೆ ಕಟ್ದಂಗದೆ."

ನಾನು ಅವನ ಮುಖ ನೋಡಿದೆ. ಆಗ ಹೊಳೆಯಿತು.

"ನಿನಗೂ ಇದನ್ನೇ ಬರ್ದಿದ್ರು ಅಂದ್ಯಲ್ಲ. ಟೆಸ್ಟ್ ಮಾಡಿಸಿದ್ಯಾ?"

"ಎಲ್ಲಿ ಅತ್ತಿಗೆ, ಪಾಳಿ ಮೇಲೆ ಪಾಳಿ. ನೋಡಾವ ಬುಡಿ."

ಗಂಡ ಹೋದಾಗಿನಿಂದ ಯಾರ ಮೇಲೂ ದನಿಯೆತ್ತಿರಲಿಲ್ಲ. ಅವತ್ತು ಎತ್ತಿದೆ. ಆ ಸಾಲಿನ ಪ್ರತಿ ಅಕ್ಷರದ ಅರ್ಥವನ್ನೂ ಒಂದೂ ಬಿಡದೆ ಹೇಳಿದೆ. ಅವನು "ದೇವ್ರಾಣೆ ಗೊತ್ತಿರ್ಲಿಲ್ಲ ಅತ್ತಿಗೆ" ಎಂದು ಕೂತಲ್ಲೇ ಎದೆ ಮುಟ್ಟಿ ನೋಡಿಕೊಂಡ. ಅವನ ಎದುರಿಗೇ ಅವನ ಹೆಂಡತಿ ಶೋಭಾಗೆ ಫೋನು ಮಾಡಿದೆ. ಅವಳು ಆ ಕಡೆಯಿಂದ, "ಹೆಂಡ್ತಿ ದೇವ್ರು ಅಂತ ಅಂದಾಗ್ಲೇ ಅನ್ಕೊಂಡೆ ಅಕ್ಕಾ, ಇದ್ರಲ್ಲಿ ಏನೋ ಐತೆ ಅಂತ" ಎಂದು ಬೈಯುತ್ತ ಅತ್ತಳು.

ಮರುದಿನವೇ ಅವನನ್ನು ಎಳೆದುಕೊಂಡು ಹೋದಳಂತೆ. ಅವನ ಎದೆಯಲ್ಲಿ ನಿಜಕ್ಕೂ ತೊಂದರೆ ಇತ್ತು. ಸಮಯಕ್ಕೆ ಬಂದಿರಿ ಎಂದು ಮಾತ್ರೆ ಬರೆದುಕೊಟ್ಟು, ಆಗಾಗ ಬಂದು ತೋರಿಸಲು ಹೇಳಿದ್ದಾರೆ. ಈಗ ಚೆನ್ನಾಗಿದ್ದಾನೆ. ಬೀಡಿ ಬಿಟ್ಟಿದ್ದಾನೆ, ಬಿಟ್ಟೆ ಎಂದು ಹೇಳುತ್ತಾನೆ. ಎಲ್ಲರೂ ನನ್ನನ್ನು ಹೊಗಳಿದರು. ನನಗೆ ಸಂತೋಷವಾಯಿತು. ಆಗಲಿಲ್ಲ ಎಂದರೆ ಸುಳ್ಳು. ಸಂತೋಷದ ಹಿಂದೆಯೇ ಇನ್ನೊಂದು ಯೋಚನೆ ಬಂತು, ಅದನ್ನು ಇಲ್ಲಿ ಬರೆಯುವುದಿಲ್ಲ. ನಿಮಗೂ ಬಂದಿರುತ್ತದೆ.

ಅದಾದ ಮೇಲೆ ನನ್ನ ಫೋನಿಗೆ ಬಿಡುವಿಲ್ಲ. ಬಸ್ಸಿನವರೆಲ್ಲ ತಮ್ಮ ತಮ್ಮ ಹಾಳೆಯ ಚಿತ್ರ ಕಳಿಸುತ್ತಾರೆ. "ಅಕ್ಕಾ, ಇದೇನು ನೋಡಿ ಹೇಳಿ." "ಅತ್ತಿಗೆ, ಇಲ್ಲಿ ಎಲ್ ಅಂತ ಐತೆ, ಲೋ ಅಂತಲೋ ಲೆಫ್ಟ್ ಅಂತಲೋ?" ಡಾಕ್ಟರನ್ನು ಕೇಳ್ರಪ್ಪ, ನಾನೇನು ಬಲ್ಲೆ ಎಂದು ಬರೆಯುತ್ತೇನೆ. ಬರೆದ ಮೇಲೂ ಕನ್ನಡಕ ಹಾಕಿಕೊಂಡು ಹುಡುಕುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಸುಸ್ತಾಗಿದೆ. ಬೇರೆಯವರ ಸಕ್ಕರೆ, ಕೊಬ್ಬು, ಕಿಡ್ನಿಯ ಅಕ್ಷರಗಳನ್ನೆಲ್ಲ ಕಲಿತು ನಾನೇನು ಮಾಡಲಿ? ಆದರೂ ಯಾರಾದರೂ ಒಬ್ಬರು ನೋಡಾವ ಬುಡಿ ಎಂದುಬಿಟ್ಟರೆ ಎಂಬ ಭಯಕ್ಕೆ ಫೋನು ಕೆಳಗಿಡಲು ಆಗುವುದಿಲ್ಲ.

ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನನ್ನೊಳಗೆ ಎರಡು ಕಡೆಯವರೂ ಕೂತು ವಾದ ಮಾಡುತ್ತಾರೆ. ಗೊತ್ತಿದ್ದರೆ ಆ ಹಾಳೆಯನ್ನು ತಾವಾಗಿ ತೆಗೆದು ನನ್ನ ಮುಂದೆ ಇಡುತ್ತಿದ್ದರೆ? ಬಚ್ಚಿಡುತ್ತಿದ್ದರು. ಹಾಗಾದರೆ ಗೊತ್ತಿರಲಿಲ್ಲ. ಆದರೆ ಎಲ್ಲರಂತೆ ಚೀಲಕ್ಕೆ ತುರುಕದೆ ಎದೆಯ ಜೇಬಿನಲ್ಲಿ ಯಾಕೆ ಇಟ್ಟುಕೊಂಡರು? ಡಾಕ್ಟರು ಅವರಿಗೆ ಒಳಗೆ ಏನೋ ಹೇಳಿರಬೇಕು. ಹೇಳಿದ್ದರೆ ಮರುದಿನ ಕೆಲಸಕ್ಕೆ ಯಾಕೆ ಹೋದರು? ರಜೆ ಹಾಕಿದರೆ ನಾನು ಕೇಳುತ್ತೇನೆ ಎಂದೇ? ಸಾರನ್ನು ಎರಡನೇ ಸಲ ಬಡಿಸಿಕೊಂಡದ್ದು ಹಸಿವಿಗೋ, ನನಗಾಗಿಯೋ? ಆ ಡಾಕ್ಟರು ಈಗ ಬೇರೆ ಊರಿಗೆ ಹೋಗಿದ್ದಾರೆ. ಸಿಕ್ಕರೂ ಅಷ್ಟು ಜನರಲ್ಲಿ ಒಬ್ಬರಿಗೆ ಏನು ಹೇಳಿದೆ ಎಂದು ಅವರಿಗಾದರೂ ಹೇಗೆ ನೆನಪಿರಬೇಕು?

ಒಂದು ಮಧ್ಯಾಹ್ನ ಇದನ್ನೂ ಫೋನಿನಲ್ಲಿ ಬರೆದು ನೋಡಿದೆ. ಕನ್ನಡದಲ್ಲೇ ಬರೆದೆ. ಏನೇನೋ ಬಂತು. ಹೃದಯದ ಆರೋಗ್ಯಕ್ಕೆ ಸಲಹೆಗಳು, ದುಃಖದಿಂದ ಹೊರಬರುವ ದಾರಿಗಳು, ಕೆಳಗೆ ಮತ್ತೆ ಆ ಬಿಳಿ ಕೋಟಿನವನು. ಮುಚ್ಚಿಟ್ಟೆ.

ಅಕ್ಷರಗಳ ಅರ್ಥವೆಲ್ಲ ಈಗ ನನಗೆ ತಿಳಿದಿದೆ. ಅವರಿಗೆ ತಿಳಿದಿತ್ತೋ ಇಲ್ಲವೋ ಎಂಬುದು ಇನ್ನೂ ತಿಳಿದಿಲ್ಲ.